ಇಪ್ಪತ್ನಾಲ್ಕು ಕೆಜಿಯ ಕುರಿ

ಜಯಶೀಲಾಳ ಹೆದರಿಕೆಗೆ ಕಾರಣವೇ ಬೇಕಿರಲಿಲ್ಲ. ಐಮಂಗಲದಲ್ಲಿ ಅವಳ ಮನೆಗೂ ನನ್ನ ಟೈಲರಿಂಗ್ ಅಂಗಡಿಗೂ ನಡುವೆ ಇರುವುದು ಒಂದೇ ಗೋಡೆ. ಹಾಗಾಗಿ ಅವಳ ಹೆದರಿಕೆಯೆಲ್ಲ ನನ್ನ ಕಿವಿಗೆ ಬಿದ್ದೇ ಬೀಳುತ್ತದೆ. ಬೀಗ ಹಾಕಿ ಬಸ್ ಸ್ಟ್ಯಾಂಡಿನವರೆಗೆ ಹೋಗುತ್ತಾಳೆ, ಅಲ್ಲಿಂದ ವಾಪಸ್ ಬಂದು ಬೀಗ ಜಗ್ಗಿ ನೋಡುತ್ತಾಳೆ. ಹಿರಿಯೂರಿನ ಸಂತೆಯಿಂದ ಫೋನ್ ಮಾಡಿ, "ಯಮುನಾ, ನಮ್ಮನೆ ಕಿಟಕಿ ತಾವ ನಿಂತ್ಕಂಡು ಗ್ಯಾಸ್ ವಾಸ್ನೆ ಬರ್ತೈತಾ ನೋಡೇ" ಎನ್ನುತ್ತಾಳೆ. ಗಂಡ ಶಿವರಾಜ್ ಗುಡ್ಡದ ಮೇಲಿನ ಗಾಳಿಯಂತ್ರಗಳಿಗೆ ಕಾವಲುಗಾರ. ಮೋಡ ಕಟ್ಟಿತೆಂದರೆ ಸಿಡಿಲು ಅವನನ್ನೇ ಹುಡುಕಿಕೊಂಡು ಬರುತ್ತದೆ ಎಂದು ಇವಳು ಇಲ್ಲಿ ಊಟ ಬಿಡುತ್ತಾಳೆ. ಹೆದರುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿ. "ನೀನು ಉಪಾಸ ಇದ್ರೆ ಸಿಡಿಲು ದಾರಿ ಬದಲಾಯ್ಸ್ತೈತೇನೇ?" ಎಂದು ಬಯ್ಯುತ್ತಿದ್ದೆ. ಅವಳು ನಗುತ್ತಿದ್ದಳು, ಆದರೆ ಹೆದರುವುದನ್ನು ಬಿಡುತ್ತಿರಲಿಲ್ಲ.

ಇಂಥವಳು ಪಶುಸಖಿಯಾದಳು. ಪಶುಸಖಿ ಎಂದರೆ ಡಾಕ್ಟರಲ್ಲ, ಕಾಂಪೌಂಡರೂ ಅಲ್ಲ. ಸಂಘದ ಹೆಂಗಸರಲ್ಲೇ ಒಬ್ಬರಿಗೆ ತರಬೇತಿ ಕೊಟ್ಟು, ಕೈಗೊಂದು ಬ್ಯಾಗು ಕೊಟ್ಟು, ಸುತ್ತಲಿನ ಹಟ್ಟಿಗಳ ಕುರಿ ದನಗಳ ಮೇಲೆ ಒಂದು ಕಣ್ಣಿಟ್ಟಿರು ಎಂದು ಕಳಿಸುತ್ತಾರೆ. ಲಸಿಕೆಯ ದಿನ ನೆನಪಿಸಬೇಕು, ಜಂತುಹುಳದ ಔಷಧಿ ಹಾಕಿಸಬೇಕು, ಕೈಮೀರಿದರೆ ಡಾಕ್ಟರಿಗೆ ಫೋನ್ ಮಾಡಬೇಕು. ಅವಳದು ಕುರಿ ಸಾಕಿದ ಮನೆತನವೇ. ಕುರಿಯ ರೆಪ್ಪೆ ಬಿಡಿಸಿ ನೋಡಿ ಮೈಯಲ್ಲಿ ರಕ್ತ ಇದೆಯೋ ಇಲ್ಲವೋ ಹೇಳುವುದನ್ನು ಅಪ್ಪನ ಹಿಂದೆ ಅಡ್ಡಾಡುತ್ತ ಕಲಿತಿದ್ದಳು. ಸ್ಕೂಟರ್ ಮೇಲೆ ಒಬ್ಬಳೇ ಹೋಗಲು ಮಾತ್ರ ಹೆದರಿಕೆ. ಹಾಗಾಗಿ ಅಂಗಡಿಗೆ ರಜೆಯಿದ್ದ ದಿನ ನಾನೇ ಅವಳ ಡ್ರೈವರ್.

ಅವಳ ಬ್ಯಾಗಿನಲ್ಲಿ ಥರ್ಮಾಮೀಟರು, ಸಿರಿಂಜು, ಹತ್ತಿಯ ಜೊತೆಗೆ ಒಂದು ಕ್ಯಾಲ್ಕುಲೇಟರ್ ಇರುತ್ತಿತ್ತು. ಮದುವೆಗೆ ಮೊದಲು ಹಿರಿಯೂರಿನ ಒಂದು ಖಾಸಗಿ ಫೈನಾನ್ಸಿನಲ್ಲಿ ಅವಳು ಕೆಲಸಕ್ಕಿದ್ದಳು. ಆ ಕಂಪನಿ ಬಾಗಿಲು ಹಾಕಿದ ದಿನ ಮ್ಯಾನೇಜರು ತಮ್ಮ ಮೇಜಿನ ಮೇಲಿದ್ದ ಯಂತ್ರವನ್ನು ಇವಳ ಕೈಗಿಟ್ಟು ಹೊರಟುಹೋದರಂತೆ. ಅಂಗಡಿಯವರ ಕ್ಯಾಲ್ಕುಲೇಟರಿನ ಥರದ್ದಲ್ಲ ಅದು. ಅಡ್ಡಗಲದ, ಕಂದು ಬಣ್ಣದ, ಒಂದೊಂದು ಗುಂಡಿಗೂ ಮೂರು ಮೂರು ಕೆಲಸ ಹಚ್ಚಿರುವ ಫೈನಾನ್ಸ್ ಕ್ಯಾಲ್ಕುಲೇಟರ್. ಅದರಲ್ಲಿ 'ಸಮ' ಎನ್ನುವ ಗುಂಡಿಯೇ ಇಲ್ಲ. ಎರಡಕ್ಕೆ ಎರಡು ಕೂಡಿಸಲು ಹೋಗಿ ಸೋತು ನಾನು ಅದನ್ನು ಒಮ್ಮೆ ಮೇಜಿನ ಮೇಲೆ ಕುಕ್ಕಿದ್ದುಂಟು. ಜಯಶೀಲಾಳ ಬೆರಳು ಮಾತ್ರ ಅದರ ಮೇಲೆ ಹಾರ್ಮೋನಿಯಂ ನುಡಿಸಿದ ಹಾಗೆ ಓಡುತ್ತಿತ್ತು. ಪ್ರಪಂಚದಲ್ಲಿ ಅವಳು ಹೆದರದೆ ಮುಟ್ಟುತ್ತಿದ್ದ ವಸ್ತು ಅದೊಂದೇ.

ಅದರಲ್ಲಿ ಅವಳಿಗೆ ಪ್ರೀತಿಯ ಲೆಕ್ಕವೆಂದರೆ ತೂಕದ ಸರಾಸರಿ. ಹತ್ತು ದೊಡ್ಡ ಸಾಲಗಳಿಗೆ ಒಂದು ದರದ ಬಡ್ಡಿ, ನೂರು ಸಣ್ಣ ಸಾಲಗಳಿಗೆ ಇನ್ನೊಂದು ದರದ ಬಡ್ಡಿ ಇದ್ದಾಗ, ಎರಡು ಬಡ್ಡಿಯನ್ನು ಸುಮ್ಮನೆ ಕೂಡಿಸಿ ಅರ್ಧ ಮಾಡಿದರೆ ಅದು ಸುಳ್ಳು ಲೆಕ್ಕ. ಯಾವುದು ಎಷ್ಟಿದೆಯೋ ಅದಕ್ಕೆ ಅಷ್ಟು ತೂಕ ಕೊಡಬೇಕು. ಮ್ಯಾನೇಜರು ಹೀಗೆ ಕಲಿಸಿದ್ದರಂತೆ. "ಇದರಾಗೆ ಯಾರ್ಗೂ ಮೋಸ ಇಲ್ಲ ಕಣೇ, ಎಲ್ರೂ ಲೆಕ್ಕಕ್ಕೆ ಬರ್ತಾರೆ" ಎಂದು ಅವಳು ಹೇಳುವಾಗ ನಾನು ಬ್ಲೌಸಿಗೆ ಹುಕ್ಕು ಹಾಕುತ್ತ ಹೂಂಗುಟ್ಟುತ್ತಿದ್ದೆ.

ಕಳೆದ ವರ್ಷ ಮುಂಗಾರಿನ ಮೊದಲ ಮಳೆ ಬಿದ್ದಿತ್ತು. ಕೆರೆಯಂಗಳದಲ್ಲಿ ಅಲ್ಲಲ್ಲಿ ನೀರು ನಿಂತು, ಆ ಹಸಿ ಹುಲ್ಲು ಮೇಯ್ದ ಕುರಿಗಳಿಗೆ ಗದ್ದದ ಕೆಳಗೆ ನೀರು ತುಂಬಿದ ಚೀಲದಂತೆ ಊತ ಕಾಣಿಸಿಕೊಂಡಿತು. ಹೊಟ್ಟೆಯಲ್ಲಿ ಹುಳ ಸೇರಿದ ಗುರುತು ಅದು. ಜೋಗಿಮಟ್ಟಿಯ ಕಡೆ ಗುಡ್ಡದ ಬುಡದಲ್ಲಿ ಬೀರಪ್ಪನ ಹಟ್ಟಿಯಿದೆ. ಬೀರಪ್ಪ ಮಾತು ಕಮ್ಮಿಯ ಮನುಷ್ಯ, ಅವನ ಹೆಂಡತಿ ಏಕನಾಥಮ್ಮ ಇಬ್ಬರ ಪಾಲಿನದನ್ನೂ ಆಡುತ್ತಾಳೆ. ಜಯಶೀಲಾಗೆ ಆಕೆ ದೂರದ ಸಂಬಂಧದಲ್ಲಿ ಚಿಕ್ಕಮ್ಮ. ಆ ಮಂದೆಗೆ ಎಷ್ಟು ಔಷಧಿ ತರಬೇಕು ಎಂದು ಲೆಕ್ಕ ಹಾಕಿಕೊಡಲು ಒಂದು ಶುಕ್ರವಾರ ಇಬ್ಬರೂ ಹೋದೆವು.

ಕುರಿ ಸಾಕುವವರ ಹತ್ತಿರ ಹೋಗಿ ಕುರಿ ಎಷ್ಟು ಎಂದು ಕೇಳಬಾರದು. ಬಾಯಿಬಿಟ್ಟು ಎಣಿಸಿದರೆ ದೃಷ್ಟಿಯಾಗುತ್ತದೆ. "ಅವೆ ಒಂದಷ್ಟು" ಎಂದು ತೇಲಿಸಿಬಿಡುತ್ತಾರೆ. ಇದು ಗೊತ್ತಿದ್ದ ಜಯಶೀಲಾ ಮೊದಲೇ ಹೇಳಿಕಳಿಸಿದ್ದಳು. ಏಕನಾಥಮ್ಮ ಸೆರಗಿನ ಗಂಟು ಬಿಚ್ಚಿ ನಮ್ಮ ಮುಂದೆ ಸುರಿದಳು. ಟಗರಿಗೆ ಒಂದೊಂದು ಬೆಣಚುಕಲ್ಲು, ತಾಯಿಕುರಿಗೆ ಹುಣಸೆಬೀಜ, ಮರಿಗೆ ಅವರೆಕಾಳು. ಬಾಯಿ ಮುಚ್ಚಿಕೊಂಡು ಎಣಿಸುವ ಕೆಲಸ ನನ್ನ ಪಾಲಿಗೆ ಬಂತು. ಸುಮ್ಮನಿರುವುದು ನನಗೆ ಎಷ್ಟು ಕಷ್ಟ ಎಂದು ನನ್ನ ಗಂಡನನ್ನು ಕೇಳಿ.

ಜಯಶೀಲಾ ಪ್ರತಿ ಜಾತಿಯಲ್ಲೂ ನಾಲ್ಕಾರು ಕುರಿಗಳನ್ನು ಹಗ್ಗದ ಜೋಲಿಯಲ್ಲಿ ಕೂರಿಸಿ ಕೊಕ್ಕೆ ತಕ್ಕಡಿಗೆ ನೇತುಹಾಕಿ ತೂಗಿದಳು. ಟಗರು ನಲವತ್ತೈದು ಕೆಜಿಯ ಆಸುಪಾಸು, ತಾಯಿಕುರಿ ಮೂವತ್ತು, ಮರಿ ಹತ್ತು. ಅಷ್ಟರಲ್ಲಿ ಹಟ್ಟಿಯ ಕೊನೆಯ ಮನೆಯ ತಿಪ್ಪಕ್ಕ ಬಂದಳು. ದಾಳಿಂಬೆ ತೋಟಕ್ಕೆ ಕೂಲಿಗೆ ಹೋಗುವ ಒಂಟಿ ಹೆಂಗಸು. ಅವಳಿಗಿದ್ದದ್ದು ಒಂದೇ ತಾಯಿಕುರಿ. ಅದು ಬೀರಪ್ಪನ ಮಂದೆಯ ಜೊತೆಗೇ ಮೇಯ್ದು ಬರುತ್ತಿತ್ತು, ಆ ಸಲ ಅವಳಿ ಮರಿ ಹಾಕಿತ್ತು. ತಾಯಿಕುರಿಯ ಲೆಕ್ಕದ ಹುಣಸೆಬೀಜವನ್ನು ಏಕನಾಥಮ್ಮ ಸೇರಿಸಿದ್ದಳು, ಮರಿಗಳನ್ನು ಮರೆತಿದ್ದಳು. ತಿಪ್ಪಕ್ಕ ಮಡಿಲಿನಿಂದ ಎರಡು ಅವರೆಕಾಳು ತೆಗೆದು ಗುಡ್ಡೆಯ ಮೇಲೆ ಮೆಲ್ಲಗೆ ಇಟ್ಟಳು.

"ನನ್ನವೂ ಎರಡು ಹಾಕ್ಕಳವ್ವ, ಮಗಳೇ. ಒಂದು ಗಂಡು, ಒಂದು ಹೆಣ್ಣು."

"ತೂಗ್ತೀನಿ ಎತ್ಕಂಬಾ ದೊಡ್ಡವ್ವ" ಎಂದಳು ಜಯಶೀಲಾ.

"ಅವೇನ್ ತೂಕಕ್ ಬರ್ತವೆ ಬಿಡವ್ವ. ಬಡಕಲು. ಎರಡಕ್ಕೂ ಒಂದೇ ಕೆಚ್ಚಲು ಹಾಲು ಸಾಲಲ್ಲ."

ಜಯಶೀಲಾ ಕ್ಯಾಲ್ಕುಲೇಟರ್ ತೆಗೆದಳು. ಒಳಗಿನದನ್ನೆಲ್ಲ ಅಳಿಸುವ ಗುಂಡಿಯನ್ನು ಮೊದಲು ಒತ್ತಿದಳು, ನಂಬಿಕೆ ಸಾಲದೆ ಇನ್ನೊಮ್ಮೆ ಒತ್ತಿದಳು. ಹಳೆಯ ಲೆಕ್ಕದ ಚೂರು ಒಳಗೆ ಉಳಿದುಕೊಂಡರೆ ಹೊಸ ಲೆಕ್ಕ ಕೆಡುತ್ತದೆ ಎನ್ನುವುದು ಅವಳ ದೊಡ್ಡ ಭಯ. ಆಮೇಲೆ ತೂಕ ಒತ್ತಿ, ಎಂಟರ್ ಒತ್ತಿ, ಅಷ್ಟು ತೂಕದವು ಎಷ್ಟಿವೆ ಎಂದು ಒತ್ತಿ, ಒಳಗೆ ಸೇರಿಸುತ್ತ ಹೋದಳು. ಮೂರು ಜಾತಿಯ ತೂಕ ಕೂಡಿಸಿ ಮೂರರಿಂದ ಭಾಗಿಸಿದ್ದರೆ ಇಪ್ಪತ್ತೆಂಟು ಬಂದು ಔಷಧಿ ದಂಡವಾಗುತ್ತಿತ್ತು. ಇವಳ ಯಂತ್ರ ಇಪ್ಪತ್ನಾಲ್ಕು ಎಂದಿತು. ಮಂದೆಯ ಒಂದು ಕುರಿಗೆ ಸರಾಸರಿ ಇಪ್ಪತ್ನಾಲ್ಕು ಕೆಜಿ. ಪ್ರತಿ ನಾಲ್ಕು ಕೆಜಿಗೆ ಒಂದು ಎಂ.ಎಲ್. ಔಷಧಿ.

"ಒಂದೂಕಾಲು ಲೀಟ್ರು ತಂದಿಟ್ಕಳ್ರಿ ಚಿಕ್ಕಮ್ಮ. ಸೋಮವಾರ ನಾನು ಬಂದು ಹಾಕ್ಸ್ತೀನಿ."

"ಒಂದೊಂದಕ್ ಎಷ್ಟ್ ಬೀಳ್ತೈತವ್ವ?" ಎಂದಳು ಏಕನಾಥಮ್ಮ.

"ಸರಾಸರಿ ಆರು ಎಂ.ಎಲ್."

ಇಷ್ಟೇ ಮಾತು. ಲೆಕ್ಕದಲ್ಲಿ ಒಂದು ಚೂರೂ ತಪ್ಪಿರಲಿಲ್ಲ. ದಾರಿಯಲ್ಲಿ ಅವಳು ಸ್ಕೂಟರಿನ ಹಿಂದೆ ಕೂತು ಕಲ್ಲು ಎಷ್ಟು, ಬೀಜ ಎಷ್ಟು ಎಂದು ನನ್ನನ್ನು ಮತ್ತೆ ಮತ್ತೆ ಕೇಳಿ, ಮತ್ತೆ ಒತ್ತಿ ನೋಡಿ, ಅದೇ ಇಪ್ಪತ್ನಾಲ್ಕು ಬಂದ ಮೇಲೆಯೇ ಸಮಾಧಾನ ಪಟ್ಟಳು. ಇವಳ ಹೆದರಿಕೆಗೊಂದು ಔಷಧಿ ಇಲ್ಲವಲ್ಲ ಎಂದು ನಾನು ಗೊಣಗಿದೆ.

ಭಾನುವಾರ ಬೆಳಿಗ್ಗೆ ಅವಳು ನನ್ನ ಅಂಗಡಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದಳು. ಏಕನಾಥಮ್ಮನ ಫೋನ್ ಬಂತು. ಗಾಳಿಯ ಸದ್ದು, ಕುರಿಗಳ ಸದ್ದು, ನಡುವೆ ಆಕೆಯ ಹಿಗ್ಗಿದ ದನಿ. ಸ್ಪೀಕರಿನಲ್ಲಿ ನನಗೂ ಕೇಳಿಸಿತು.

"ನಾಳೆ ನೀನು ಬರಾದು ಬ್ಯಾಡ ಕಣವ್ವ. ರಾಮಗಿರಿ ಕಡೆ ಹೊಲದಾಗೆ ಗೊಬ್ಬರಕ್ಕೆ ಮಂದೆ ತರುಬಾಕೆ ಕರ್ದವ್ರೆ, ಮಧ್ಯಾಹ್ನಕ್ಕೇ ಹೊರಡ್ತೀವಿ. ಅದ್ಕೆ ಔಷ್ದಿ ನಾವೇ ಶುರು ಹಚ್ಕಂಡ್ವಿ. ನೀನು ಹೇಳಿದ್ ಹಂಗೇ ಆರಕ್ಕೆ ಗೊಟ್ಟಕ್ಕೆ ಗೆರೆ ಹಾಕ್ಸೀವಿ. ಎಲ್ಲಕ್ಕೂ ಒಂದೇ..."

ಲೈನು ಕಟ್ಟಾಯಿತು.

ಗೊಟ್ಟ ಎಂದರೆ ಜಾನುವಾರಿಗೆ ಔಷಧಿ ಕುಡಿಸುವ ಬಿದಿರಿನ ಕೊಳವೆ. ಬೀರಪ್ಪನ ಮನೆಯಲ್ಲಿ ಅವನ ಅಜ್ಜನ ಕಾಲದ್ದು ಒಂದಿದೆ. ದೇವರು ಮಾಡುವ ದಿನ ಅದರಲ್ಲೇ ಮಂದೆಗೆಲ್ಲ ಅರಿಶಿನದ ನೀರು ಕುಡಿಸುತ್ತಾರೆ. ಟಗರಿಗೂ ಅದೇ ಅಳತೆ, ಮೊನ್ನೆ ಹುಟ್ಟಿದ ಮರಿಗೂ ಅದೇ ಅಳತೆ. ದೇವರ ಮುಂದೆ ಮಂದೆಯಲ್ಲಿ ಹೆಚ್ಚುಕಮ್ಮಿ ಮಾಡಬಾರದು ಎನ್ನುವುದು ಆ ಮನೆಯ ಕಟ್ಟಳೆ. ಅಂಥವರ ಕೈಗೆ ಜಯಶೀಲಾ ಒಂದೇ ಅಂಕಿ ಕೊಟ್ಟು ಬಂದಿದ್ದಳು. ಅವರಿಗೆ ಅದು ಎಷ್ಟು ಸರಿಯಾಗಿ ಕಂಡಿರಬೇಕು!

ಜಯಶೀಲಾಳ ಲೋಟ ಕೆಳಗೆ ಬಿತ್ತು. ಬಟ್ಟೆಯ ಮೇಲೆ ಕಾಫಿ ಚೆಲ್ಲಿತು ಎಂದು ನಾನು ಬಾಯಿ ತೆರೆದವಳು ಅವಳ ಮುಖ ನೋಡಿ ಸುಮ್ಮನಾದೆ. ತುಟಿ ಬಿಳಿಚಿಕೊಂಡಿತ್ತು.

"ಅದು ಕೊಳ್ಳಾಕೆ ಹೇಳಿದ್ದು ಕಣೇ ಯಮುನಾ. ಕುಡಿಸಾಕಲ್ಲ. ಮರಿಗೆ ಎರಡೂವರೆ ಮೇಲೆ ಹೋಗಬಾರ್ದು. ಈ ಔಷ್ದಿ ಜಾಸ್ತಿ ಆದ್ರೆ ಮರಿ ತಡೆಯಲ್ಲ, ಸತ್ತೋಗ್ತವೆ. ತಡ್ಕಂಡ್ರೂ ಕಣ್ಣು ಹೋಗ್ತೈತೆ. ಎಪ್ಪತ್ತು ಮರಿ ಕಣೇ, ಎಪ್ಪತ್ತು!"

ಆಗ ನನಗೆ ಅರ್ಥವಾಯಿತು. ನಮ್ಮ ಬೀದಿಯ ಹೆಂಗಸರ ಎದೆಸುತ್ತಳತೆಯ ಸರಾಸರಿ ತೆಗೆದು ಎಲ್ಲರಿಗೂ ಒಂದೇ ಅಳತೆಯ ಬ್ಲೌಸ್ ಹೊಲಿದುಕೊಟ್ಟರೆ ಏನಾಗುತ್ತದೋ ಅದು ಅಲ್ಲಿ ಆಗುತ್ತಿತ್ತು. ಬ್ಲೌಸಾದರೆ ಬಿಚ್ಚಿ ಹೊಲಿಯಬಹುದು. ಆ ಮಂದೆಯಲ್ಲಿ ಇಪ್ಪತ್ನಾಲ್ಕು ಕೆಜಿಯ ಕುರಿ ಒಂದೂ ಇರಲಿಲ್ಲ. ಇಲ್ಲದ ಕುರಿಯ ಔಷಧಿಯನ್ನು ಇದ್ದ ಕುರಿಗಳಿಗೆ ಕುಡಿಸುತ್ತಿದ್ದರು.

ಮತ್ತೆ ಮತ್ತೆ ಫೋನ್ ಹಚ್ಚಿದಳು. ಗುಡ್ಡದ ಮರೆಯಲ್ಲಿ ನೆಟ್‌ವರ್ಕ್ ಇಲ್ಲ. ಅಂಗಡಿಯ ಷಟರ್ ಅರ್ಧಕ್ಕೆ ಎಳೆದು ಸ್ಕೂಟರ್ ಹತ್ತಿದೆವು. ಯಾವಾಗಲೂ "ನಿಧಾನ, ನಿಧಾನ" ಎಂದು ನನ್ನ ಭುಜ ಹಿಂಡುವವಳು ಆವತ್ತು ಹೈವೇಯಲ್ಲಿ ಲಾರಿಗಳ ನಡುವೆ "ಹೋಗೇ, ಇನ್ನಾ ಹೋಗೇ" ಎನ್ನುತ್ತಿದ್ದಳು. ಅವಳ ನಡುಕ ನನ್ನ ಬೆನ್ನಿಗೆ ಹತ್ತುತ್ತಿತ್ತು. ಹೆದರದವಳು ಎಂದು ಮೆರೆಯುತ್ತಿದ್ದ ನನ್ನ ಕೈ ಹ್ಯಾಂಡಲಿನ ಮೇಲೆ ಬೆವೆತು ಜಾರುತ್ತಿತ್ತು.

"ಟಗರಿಂದ ಶುರು ಮಾಡ್ತಾರೆ ಅಲ್ವೇನೇ?" ಎಂದಳು ಕಿವಿಯ ಹತ್ತಿರ.

"ಏನು?"

"ನಮ್ಮೋರು ಏನು ಮಾಡಿದ್ರೂ ಮೊದಲು ಟಗರು, ಆಮೇಲೆ ತಾಯಿಕುರಿ, ಕೊನೆಗೆ ಮರಿ. ಗೊಟ್ಟ ಒಂದೇ. ಮರಿ ತನಕ ಬರಾಕೆ ಹೊತ್ತಾಗ್ತೈತೆ. ಆಗ್ತೈತೆ ಅಲ್ವಾ?"

"ಆಗ್ತೈತೆ" ಎಂದೆ. ನನಗೇನು ಗೊತ್ತಿತ್ತು! ಅವಳು ಕೇಳಿದ್ದಕ್ಕೆಲ್ಲ ಹೌದು ಎನ್ನುತ್ತ ಹೋದೆ.

ಹೈವೇ ಬಿಟ್ಟು ಮಣ್ಣುದಾರಿಗೆ ಇಳಿದ ಮೇಲೆ ಮಳೆಯ ಕೊರಕಲುಗಳು. ಎರಡು ಕಡೆ ಅವಳು ಇಳಿದು ಓಡಿದಳು, ನಾನು ಹಿಂದೆ ಸ್ಕೂಟರ್ ತಳ್ಳಿಕೊಂಡು ಹೋದೆ. ಮೇಲೆ ಗಾಳಿಯಂತ್ರಗಳು ತಮ್ಮ ಪಾಡಿಗೆ ತಿರುಗುತ್ತಿದ್ದವು. ಹಟ್ಟಿ ಹತ್ತಿರವಾದಂತೆ ಕುರಿಗಳ ಸದ್ದು ಕೇಳಿಸತೊಡಗಿತು. ಸದ್ದು ಇದೆ ಎಂದು ನನಗೆ ಧೈರ್ಯ ಬಂತು. ಅವಳು ಮಾತ್ರ ಆ ಸದ್ದಿನಲ್ಲಿ ಮರಿಗಳ ದನಿ ಇದೆಯೇ ಎಂದು ಕಿವಿಗೊಟ್ಟು ನಿಂತಳು. ಮರಿಗಳ ದನಿ ಇತ್ತು.

"ನಿಲ್ಸ್ರಿ! ಗೊಟ್ಟ ಕೆಳಗಿಡ್ರಿ!" ಎಂದು ಕೂಗುತ್ತ ಮುಳ್ಳುಬೇಲಿಯ ರೊಪ್ಪದೊಳಕ್ಕೆ ನುಗ್ಗಿದಳು. ಬೀರಪ್ಪ ಒಂದು ತಾಯಿಕುರಿಯನ್ನು ಕಾಲಸಂದಿಯಲ್ಲಿ ಹಿಡಿದು ಬಾಯಿಗೆ ಗೊಟ್ಟ ಎತ್ತಿದ್ದವನು ಹಾಗೇ ನಿಂತ. ಔಷಧಿ ಕುಡಿದ ಕುರಿಗಳ ನೆತ್ತಿಗೆ ಕುಂಕುಮದ ಬೊಟ್ಟು ಇಟ್ಟಿದ್ದರು. ಟಗರುಗಳಿಗೆ ಬೊಟ್ಟು ಇತ್ತು, ತಾಯಿಕುರಿಗಳಲ್ಲಿ ಅರ್ಧಕ್ಕೆ ಇತ್ತು. ಮರಿಗಳು ಪಕ್ಕದ ಗೂಡಿನೊಳಗೆ ಒಂದರ ಮೇಲೊಂದು ಬೀಳುತ್ತ ಅರಚುತ್ತಿದ್ದವು. ಒಂದರ ನೆತ್ತಿಯ ಮೇಲೂ ಬೊಟ್ಟು ಇರಲಿಲ್ಲ.

ಜಯಶೀಲಾ ನೆಲಕ್ಕೆ ಕುಸಿದು ಕೂತಳು. ಏಕನಾಥಮ್ಮ ಗಾಬರಿಯಾಗಿ ಚೊಂಬಿನಲ್ಲಿ ನೀರು ತಂದಳು. ಜಯಶೀಲಾ ಅಳುತ್ತ ನಗುತ್ತ ಎಲ್ಲ ಬಿಡಿಸಿ ಹೇಳಿದಳು. ದೊಡ್ಡವುಗಳಿಗೆ ಹೆದರಬೇಕಿಲ್ಲ, ಅವಕ್ಕೆ ಸ್ವಲ್ಪ ಕಮ್ಮಿಯೇ ಬಿದ್ದಿದೆ, ಮರಿಗೆ ಮಾತ್ರ ಆರು ಹೋಗಬಾರದಿತ್ತು ಎಂದಳು.

"ಸದ್ಯ, ಮರಿ ಮುಟ್ಟಿಲ್ಲ ಬಿಡವ್ವ" ಎಂದಳು ಏಕನಾಥಮ್ಮ. ಆಮೇಲೆ ಥಟ್ಟನೆ ಗಂಡನ ಮುಖ ನೋಡಿದಳು.

ಬೀರಪ್ಪ ಗೊಟ್ಟವನ್ನು ಬೇಲಿಗೆ ಒರಗಿಸಿದ.

"ತಿಪ್ಪಕ್ಕುನ್ವು" ಎಂದ.

ತಿಪ್ಪಕ್ಕನಿಗೆ ತೋಟದ ಜೀಪು ಬೆಳಿಗ್ಗೆಯೇ ಬರುತ್ತದೆ. ಸಂಜೆ ಬರುವಷ್ಟರಲ್ಲಿ ಮಂದೆ ರಾಮಗಿರಿಯ ದಾರಿ ಹಿಡಿದಿರುತ್ತದೆ. ಪಾಪ, ಒಂಟಿ ಹೆಂಗಸು, ಅವಳಿಗೆ ತಡವಾಗುವುದು ಬೇಡ ಎಂದು ಬೀರಪ್ಪ ಅಜ್ಜನ ಕಾಲದ ಕಟ್ಟಳೆಯನ್ನು ಆವತ್ತೊಂದು ದಿನ ಮುರಿದಿದ್ದ. ಟಗರಿಗಿಂತ ಮೊದಲು, ಎಲ್ಲಕ್ಕಿಂತ ಮೊದಲು, ಅವಳ ಎರಡು ಮರಿಗಳಿಗೆ ಗೆರೆ ಮುಟ್ಟುವ ತನಕ ತುಂಬಿಸಿ ಕುಡಿಸಿದ್ದ. ಒಂದು ತೊಟ್ಟೂ ಚೆಲ್ಲದ ಹಾಗೆ ಕುಡಿಸಿದೆ ಎಂದು ಹೇಳಿ ಅವನು ಮುಖ ತಿರುಗಿಸಿಕೊಂಡ.

ಮರಿಗಳು ತಿಪ್ಪಕ್ಕನ ಗುಡಿಸಲಿನ ಮುಂದೆ ಬುಟ್ಟಿಯ ಕೆಳಗಿದ್ದವು. ಜಯಶೀಲಾ ಬುಟ್ಟಿ ಎತ್ತಲು ಕೈ ಚಾಚಿ ಹಿಂದಕ್ಕೆ ತೆಗೆದಳು. ನಾನೇ ಎತ್ತಿದೆ. ಎರಡೂ ಬದುಕಿದ್ದವು. ಹೆಣ್ಣುಮರಿ ಎದ್ದು ನಿಂತು ಬಾಲ ಅಲ್ಲಾಡಿಸಿತು. ಗಂಡುಮರಿ ಕತ್ತು ನೆಲಕ್ಕೆ ಚಾಚಿ ಮಲಗಿತ್ತು, ಬಾಯಿಯ ಮೂಲೆಯಲ್ಲಿ ನೊರೆ. ಜಯಶೀಲಾ ಅವನ್ನು ಜೋಲಿಯಲ್ಲಿಟ್ಟು ತೂಗಿದಳು. ಒಂದೊಂದೂ ಏಳು ಕೆಜಿ. ಒಂದೊಂದಕ್ಕೆ ಪೂರ್ತಿ ಎರಡು ಎಂ.ಎಲ್. ಕೂಡ ಬೇಕಿರಲಿಲ್ಲ.

ನೆಟ್‌ವರ್ಕ್ ಸಿಗುವ ದಿಬ್ಬಕ್ಕೆ ಓಡಿ ಡಾಕ್ಟರಿಗೆ ಫೋನ್ ಮಾಡಿದಳು. ಕುಡಿದದ್ದನ್ನು ಹೊರಗೆ ತೆಗೆಯುವ ಔಷಧಿ ಇಲ್ಲ, ನೆರಳಲ್ಲಿಡು, ತಾಯಿಯ ಹಾಲು ಕುಡಿಸು ಎಂದರು ಅವರು. ಇವತ್ತು ತಡೆದುಕೊಂಡರೂ ನಂಬಬೇಡ, ಒಂದು ವಾರ ಕಣ್ಣು ನೋಡುತ್ತಿರು ಎಂದೂ ಹೇಳಿದರು.

ತಿಪ್ಪಕ್ಕನಿಗೆ ಯಾರು ಹೇಳುವುದು? ಅವಳು ತೋಟದಿಂದ ಬರುವ ತನಕ ಜಯಶೀಲಾ ಆ ಗುಡಿಸಲಿನ ಮುಂದಿನಿಂದ ಕದಲಲಿಲ್ಲ. ರೊಪ್ಪದಲ್ಲಿ ಉಳಿದ ಮರಿಗಳಿಗೆ ಸಿರಿಂಜಿನಲ್ಲಿ ಅಳೆದು ಔಷಧಿ ಹಾಕುವ ಕೆಲಸವನ್ನು ಏಕನಾಥಮ್ಮನೂ ನಾನೂ ಮಾಡಿದೆವು. ಒಂದೊಂದು ಮರಿಯ ಬಾಯಿಗೆ ಸಿರಿಂಜು ಇಡುವ ಮುಂಚೆ ನಾನು ಗೆರೆಯನ್ನು ಎರಡೆರಡು ಸಲ ನೋಡುತ್ತಿದ್ದೆ. ಬೀರಪ್ಪ ಮಂದೆಯ ಪಯಣವನ್ನು ಮುಂದಕ್ಕೆ ಹಾಕಿದ. ಮಧ್ಯಾಹ್ನದ ಹೊತ್ತಿಗೆ ಗಂಡುಮರಿ ಎದ್ದು ಎರಡು ಹೆಜ್ಜೆ ಹಾಕಿತು. ಏಕನಾಥಮ್ಮ ದೇವರಿಗೆ ಕೈಮುಗಿದಳು. ತಾಯಿಯ ಕೆಚ್ಚಲಿಗೆ ಬಾಯಿ ಹಾಕಲು ಹೋಗಿ ಅದು ಮಡಚಿಕೊಂಡು ಬಿತ್ತು, ಮತ್ತೆ ಏಳಲಿಲ್ಲ.

ಸಂಜೆ ಜೀಪಿನಿಂದ ಇಳಿದ ತಿಪ್ಪಕ್ಕ ತನ್ನ ಬಾಗಿಲಲ್ಲಿ ಅಷ್ಟು ಜನ ನಿಂತಿರುವುದನ್ನು ಕಂಡು ದೂರದಲ್ಲೇ ನಿಂತುಬಿಟ್ಟಳು. ಬುತ್ತಿಯ ಡಬ್ಬಿಯನ್ನು ಎದೆಗೆ ಹಿಡಿದುಕೊಂಡಿದ್ದಳು. ಜಯಶೀಲಾ ಎದುರಿಗೆ ಹೋಗಿ ಎಲ್ಲವನ್ನೂ ಹೇಳಿದಳು, ನಡುವೆ ಒಂದೂ ಬಿಡಲಿಲ್ಲ. ತಿಪ್ಪಕ್ಕ ಬಯ್ಯಲಿಲ್ಲ. ಬಯ್ದಿದ್ದರೆ ನಮಗೆ ಎಷ್ಟೋ ಹಗುರವಾಗುತ್ತಿತ್ತು.

ಅಲ್ಲಿಂದ ಮುಂದೆ ಒಂದು ವಾರ ಜಯಶೀಲಾ ದಿನಾ ಬೆಳಿಗ್ಗೆ ಆ ಹಟ್ಟಿಗೆ ಹೋದಳು. ನನ್ನನ್ನು ಕಾಯಲಿಲ್ಲ, ಸ್ಕೂಟರನ್ನು ತಾನೇ ಓಡಿಸಿಕೊಂಡು ಹೋದಳು. ಹೆಣ್ಣುಮರಿಯ ಮುಂದೆ ಕೂತು ಕಣ್ಣ ಹತ್ತಿರ ಬೆರಳು ಆಡಿಸುತ್ತಿದ್ದಳು. ಮರಿ ರೆಪ್ಪೆ ಬಡಿದರೆ ನನಗೆ ಫೋನ್ ಮಾಡಿ, "ಇವತ್ತೂ ಬಡೀತು ಕಣೇ" ಎನ್ನುತ್ತಿದ್ದಳು. ನಾನೂ ಆ ಫೋನಿಗೆ ಕಾಯತೊಡಗಿದ್ದೆ. ಹೊಲಿಗೆ ಕೆಟ್ಟು ಎಷ್ಟು ಬ್ಲೌಸ್ ಬಿಚ್ಚಿದೆನೋ. ಒಂದು ಬೆಳಿಗ್ಗೆ ಫೋನ್ ಬರಲಿಲ್ಲ. ನಾನು ಬಸ್ಸು ಹತ್ತಿ, ಹೈವೇಯಲ್ಲಿ ಇಳಿದು, ಮಣ್ಣುದಾರಿಯಲ್ಲಿ ನಡೆದು ಹೋದೆ.

ಮರಿ ಅಂಗಳದಲ್ಲಿ ನಿಂತಿತ್ತು. ಮೈ ತುಂಬಿಕೊಂಡು ಚೆನ್ನಾಗಿಯೇ ಇತ್ತು. ತಾಯಿ ಕೂಗಿದ ಕಡೆಗೆ ಹೊರಟು, ನಡುವೆ ಇದ್ದ ಒರಳುಕಲ್ಲಿಗೆ ಹಣೆ ಬಡಿದುಕೊಂಡಿತು. ಹಿಂದೆ ಸರಿದು, ಮತ್ತೆ ಹೊರಟು, ಮತ್ತೆ ಅದಕ್ಕೇ ಬಡಿದುಕೊಂಡಿತು. ಜಯಶೀಲಾ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ನೋಡುತ್ತಿದ್ದಳು.

ತಿಪ್ಪಕ್ಕ ಬಾಗಿಲ ಹೊಸ್ತಿಲ ಮೇಲೆ ಕೂತಿದ್ದಳು. ಅಲ್ಲಿಂದಲೇ ಕೇಳಿದಳು.

"ಅವತ್ತು ನಾನು ಎರಡು ಕಾಳು ಇಟ್ಟಿದ್ನಲ್ಲ, ಮಗಳೇ. ಅವು ಲೆಕ್ಕಕ್ಕೆ ಬಂದಿದ್ವಾ?"

ಅವಳ ಮಾತಿನಲ್ಲಿ ಕೊಂಕಿರಲಿಲ್ಲ, ತಿಳಿದುಕೊಳ್ಳಬೇಕೆಂದೇ ಕೇಳಿದ್ದಳು. ತನ್ನವನ್ನು ಮರೆತು ಲೆಕ್ಕ ಹಾಕಿದ್ದರಿಂದ ಹೀಗಾಯಿತೇನೋ ಎಂದು ಅವಳು ಅಂದುಕೊಂಡಿದ್ದಳು ಎಂದು ಕಾಣುತ್ತದೆ.

ಜಯಶೀಲಾ ಬ್ಯಾಗಿನಿಂದ ಕ್ಯಾಲ್ಕುಲೇಟರ್ ತೆಗೆದಳು. ಅಳಿಸುವ ಗುಂಡಿ ಒತ್ತಿ, ಟಗರು, ತಾಯಿಕುರಿ, ಮರಿ ಎಲ್ಲವನ್ನೂ ಮೊದಲಿನಂತೆಯೇ ಸೇರಿಸಿದಳು. ಇಪ್ಪತ್ನಾಲ್ಕು ಬಂತು. ಸೇರಿಸಿದ್ದನ್ನು ಹೊರಗೆ ತೆಗೆಯಲೂ ಆ ಯಂತ್ರದಲ್ಲಿ ಒಂದು ದಾರಿಯಿದೆ. ಅವಳು ಮರಿಗಳಲ್ಲಿ ಎರಡನ್ನು ಹೊರಗೆ ತೆಗೆದು ಮತ್ತೆ ಸರಾಸರಿ ಕೇಳಿದಳು. ನಾನು ಅವಳ ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದೆ. ಅದೇ ಇಪ್ಪತ್ನಾಲ್ಕು ಬಂತು. ತಿಪ್ಪಕ್ಕನ ಮರಿಗಳಿದ್ದರೂ ಇಪ್ಪತ್ನಾಲ್ಕು, ಇಲ್ಲದಿದ್ದರೂ ಇಪ್ಪತ್ನಾಲ್ಕು. ಆ ಅಂಕಿಯನ್ನು ಹಿಡಿದು ನೆಲಕ್ಕೆ ಅಪ್ಪಳಿಸಬೇಕು ಅನ್ನಿಸುವಷ್ಟು ಸಿಟ್ಟು ನನಗೆ ಬಂತು. ಎಲ್ಲರೂ ಲೆಕ್ಕಕ್ಕೆ ಬರುತ್ತಾರಂತೆ!

"ಬಂದಿದ್ವು ದೊಡ್ಡವ್ವ" ಎಂದಳು ಜಯಶೀಲಾ. ಆಮೇಲೆ ಹೊಸ್ತಿಲಿನ ಮೇಲೆ ತಿಪ್ಪಕ್ಕನ ಮಡಿಲಿಗೆ ತಲೆಯಿಟ್ಟು ಅತ್ತಳು. ತಿಪ್ಪಕ್ಕ ಅವಳ ಬೆನ್ನು ಸವರುತ್ತ ಕೂತಿದ್ದಳು. ಮರಿ ಇನ್ನೂ ಒರಳುಕಲ್ಲನ್ನು ಸುತ್ತುತ್ತಿತ್ತು.

ಇದಾಗಿ ವರ್ಷವಾಯಿತು. ಬೀರಪ್ಪ ತನ್ನ ಮಂದೆಯಿಂದ ಒಂದು ಹೆಣ್ಣುಮರಿಯನ್ನು ತಿಪ್ಪಕ್ಕನಿಗೆ ಬಿಟ್ಟುಕೊಟ್ಟ. ಕುರುಡು ಮರಿಯನ್ನು ಕಸಾಯಿಯವರು ಕೇಳಿದರು, ಅವಳು ಕೊಡಲಿಲ್ಲ. ಅದರ ತಾಯಿಯ ಕೊರಳಿಗೆ ಗಂಟೆ ಕಟ್ಟಿದ್ದಾಳೆ. ಗಂಟೆ ಹೋದ ಕಡೆ ಅದು ಹೋಗುತ್ತದೆ, ಗಂಟೆ ನಿಂತರೆ ನಿಲ್ಲುತ್ತದೆ.

ಜಯಶೀಲಾ ಕೆಲಸ ಬಿಡುತ್ತೇನೆ ಎಂದು ಬ್ಯಾಗನ್ನು ನನ್ನ ಅಂಗಡಿಯಲ್ಲಿ ಎಸೆದು ಹೋಗಿದ್ದಳು. ಬಿಡಬೇಡ ಎಂದು ನಾನು ಹೇಳಲಿಲ್ಲ, ಹೇಳುವ ಧೈರ್ಯ ನನಗೂ ಇರಲಿಲ್ಲ. ಏಕನಾಥಮ್ಮನೇ ಬಂದು ಬ್ಯಾಗನ್ನು ಅವಳ ಹೆಗಲಿಗೆ ಹಾಕಿ ಕರೆದುಕೊಂಡು ಹೋದಳು. "ಹೆದ್ರೋಳೇ ನಮಗ್ ಬೇಕು, ಎದ್ದು ಬಾರೇ" ಎಂದಳು. ಅವಳ ಹೆದರಿಕೆಗೆ ಬಯ್ಯುವುದನ್ನು ನಾನೂ ನಿಲ್ಲಿಸಿದ್ದೇನೆ. ಹಿರಿಯೂರಿನಿಂದ ಫೋನ್ ಬಂದರೆ ಸುಮ್ಮನೆ ಎದ್ದು ಹೋಗಿ ಕಿಟಕಿಯ ಹತ್ತಿರ ಮೂಸಿ ನೋಡುತ್ತೇನೆ.

ಈ ಸಲದ ಮುಂಗಾರಿಗೆ ಮತ್ತೆ ಔಷಧಿ ಹಾಕಿಸಲು ಹೋದೆವು. ಬೀರಪ್ಪನ ಮನೆಯ ಗೊಟ್ಟದ ಪಕ್ಕದಲ್ಲಿ ಈಗ ಇನ್ನೆರಡು ಗೊಟ್ಟಗಳು ನಿಂತಿವೆ, ಮೂರಕ್ಕೂ ಬೇರೆ ಬೇರೆ ಗೆರೆ. ದೇವರ ಅರಿಶಿನದ ನೀರಿಗೆ ಮಾತ್ರ ಹಳೆಯದು. ಎಷ್ಟು ಔಷಧಿ ಕೊಳ್ಳಬೇಕು ಎಂದು ಏಕನಾಥಮ್ಮ ಕೇಳಿದಳು. ಜಯಶೀಲಾ ಕಲ್ಲು ಬೀಜ ಕಾಳುಗಳನ್ನು ಎಣಿಸಿಕೊಂಡು ಒಟ್ಟು ಲೀಟರನ್ನಷ್ಟೇ ಹೇಳಿದಳು. ಒಂದೊಂದಕ್ಕೆ ಎಷ್ಟು ಬೀಳುತ್ತದೆ ಎಂದು ಏಕನಾಥಮ್ಮ ಕೇಳಲಿಲ್ಲ, ಇವಳೂ ಹೇಳಲಿಲ್ಲ.

ಆಮೇಲೆ ಕ್ಯಾಲ್ಕುಲೇಟರನ್ನು ಬ್ಯಾಗಿನೊಳಗೆ ಹಾಕಿ, ಜೋಲಿ ತಕ್ಕಡಿ ಹಿಡಿದು ಹಟ್ಟಿಯ ಕೊನೆಯ ಮನೆಗೆ ನಡೆದಳು. ಗಂಟೆಯ ಸದ್ದು ಕೇಳಿ ಕುರುಡು ಕುರಿ ತಾಯಿಯ ಹಿಂದೆ ಅಂಗಳಕ್ಕೆ ಬಂತು. ಅದೀಗ ಗಬ್ಬವಾಗಿದೆ. ಜಯಶೀಲಾ ಅದನ್ನು ಜೋಲಿಯಲ್ಲಿ ಕೂರಿಸಿದಳು. ತಕ್ಕಡಿಯ ಮುಳ್ಳು ಅಲ್ಲಾಡುವುದು ನಿಲ್ಲುವ ತನಕ ಕಾದು, ನನ್ನನ್ನೂ ಕರೆದು ನೋಡೆಂದಳು. ನಾನು ನೋಡಿ ಹೇಳಿದೆ. ತಿಪ್ಪಕ್ಕನನ್ನೂ ಕರೆದು ತೋರಿಸಿದಳು. ಆ ಒಂದು ಕುರಿಗೆ ಎಷ್ಟು ಬೇಕೋ ಅಷ್ಟನ್ನು ಸಿರಿಂಜಿಗೆ ಎಳೆದುಕೊಂಡು, ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿ, ಆಮೇಲೆ ಅದರ ಬಾಯಿ ಬಿಡಿಸಿದಳು.